ಬಾಡಿಗೆ ತಡವಾದರೆ ಓನರ್ ದಂಡ ಕೇಳಬಹುದಾ?

ಕೇಳಬಹುದು, ಕರಾರಿನಲ್ಲಿ ಬರೆದಿದ್ದರೆ. ಆದರೆ ಬರೆದಷ್ಟೂ ಕೊಡಲೇಬೇಕು ಅಂತ ಕಾನೂನು ಹೇಳುವುದಿಲ್ಲ. ಕರಾರಿನಲ್ಲಿರುವ ಮೊತ್ತ ಗರಿಷ್ಠ ಮಿತಿ ಅಷ್ಟೇ. ಅದಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ. ಕೋರ್ಟಿಗೆ ಹೋದರೆ ಅದು ಕಮ್ಮಿ ಆಗಬಹುದು, ಎಷ್ಟೋ ಸಲ ತುಂಬಾ ಕಮ್ಮಿ ಆಗಬಹುದು. ಈ ಮಾತು ಬಾಡಿಗೆದಾರರಿಗೆ ಗೊತ್ತಿಲ್ಲ. ಸುಮಾರು ಓನರ್‌ಗಳಿಗೂ ಗೊತ್ತಿಲ್ಲ.

ನಾನು ಬೆಂಗಳೂರಿನಲ್ಲಿ ಒಂದು ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಟೈಪಿಂಗ್ ಅಂಗಡಿ ನಡೆಸುತ್ತೇನೆ. ಬಾಡಿಗೆ ಕರಾರು, ಅಫಿಡವಿಟ್, ವಂಶವೃಕ್ಷದ ಅರ್ಜಿ, ಇಂಥವು. ನಾನು ವಕೀಲೆಯಲ್ಲ. ಆದರೆ ಕರಾರು ಬರೆಸುವ ದಿನ ಇಬ್ಬರೂ ನಗುನಗುತ್ತಾ ಬರುತ್ತಾರೆ, ಜಗಳವಾದ ದಿನ ಅದೇ ಕರಾರು ಹಿಡಿದು ಒಬ್ಬೊಬ್ಬರೇ ಬರುತ್ತಾರೆ. ಎರಡೂ ದಿನ ನೋಡುವವಳು ನಾನು. ವಕೀಲರ ಬಳಿ ಕೂತು ಕೇಳಿ ತಿಳಿದದ್ದು, ಕಾಯ್ದೆ ಓದಿ ತಿಳಿದದ್ದು, ಎರಡನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಇದು ಕರ್ನಾಟಕದ ಬಾಡಿಗೆ ಮನೆಗಳ ಮಾತು.

ಮೊದಲು ನಿಮ್ಮ ಕರಾರು ತೆಗೆದು ಮುಂದೆ ಇಟ್ಟುಕೊಳ್ಳಿ. ಸಹಿ ಹಾಕಿದ ಮೇಲೆ ಅದನ್ನು ಯಾರೂ ಓದುವುದಿಲ್ಲ. ಗ್ಯಾಸ್ ಕನೆಕ್ಷನ್‌ಗೋ ಬ್ಯಾಂಕಿಗೋ ಜೆರಾಕ್ಸ್ ಕೊಟ್ಟು ಫೈಲಿನಲ್ಲಿ ಇಡುತ್ತಾರೆ. ಈಗ ಓದಿ. ಬಾಡಿಗೆ ಯಾವ ತಾರೀಖಿನೊಳಗೆ ಕೊಡಬೇಕು ಅಂತ ಬರೆದಿದೆ? ಅದು ಅದೇ ತಿಂಗಳ ಬಾಡಿಗೆಯಾ, ಹಿಂದಿನ ತಿಂಗಳದ್ದಾ? ತಡವಾದರೆ ಏನು ಅಂತ ಒಂದು ಸಾಲಾದರೂ ಇದೆಯಾ?

ಆ ಸಾಲು ಇಲ್ಲದಿದ್ದರೆ ಓನರ್ ತಾವಾಗಿಯೇ ದಂಡ ಹಾಕುವಂತಿಲ್ಲ. ‘ನಾನು ಮನೆ ಕೊಡುವಾಗಲೇ ಬಾಯಲ್ಲಿ ಹೇಳಿದ್ದೆ’ ಅನ್ನುವವರು ಇದ್ದಾರೆ. ಬಾಯಿಮಾತಿನ ಒಪ್ಪಂದಕ್ಕೂ ಕಾನೂನಿನಲ್ಲಿ ಬೆಲೆ ಇದೆ, ನಿಜ. ಆದರೆ ಹೇಳಿದ್ದಾರೆ, ಇನ್ನೊಬ್ಬರು ಒಪ್ಪಿದ್ದಾರೆ ಅಂತ ತೋರಿಸುವುದು ಹೇಳಿದವರ ಕೆಲಸ. ಮೂರು ತಿಂಗಳಾದ ಮೇಲೆ ವಾಟ್ಸಾಪ್‌ನಲ್ಲಿ ‘ಇನ್ನು ಮುಂದೆ 5ನೇ ತಾರೀಖು ದಾಟಿದರೆ ದಿನಕ್ಕೆ 100’ ಅಂತ ಒಂದು ಮೆಸೇಜ್ ಹಾಕಿದರೆ ಅದು ಕರಾರು ಆಗುವುದಿಲ್ಲ. ಕರಾರು ಬದಲಾಯಿಸಲು ಇಬ್ಬರ ಒಪ್ಪಿಗೆಯೂ ಬೇಕು. ಹಾಗಂತ ಅಂಥ ಮೆಸೇಜಿಗೆ ‘ಓಕೆ ಸರ್’ ಅಂತ ಹಾಕಿಬಿಡಬೇಡಿ. ಆ ಎರಡು ಪದವನ್ನೇ ಆಮೇಲೆ ಒಪ್ಪಿಗೆ ಅಂತ ತೋರಿಸುತ್ತಾರೆ. ಒಪ್ಪಿಗೆ ಇಲ್ಲದಿದ್ದರೆ ಮರ್ಯಾದೆಯಿಂದ ‘ಸರ್, ಕರಾರಿನಲ್ಲಿ ಇರುವ ಹಾಗೆಯೇ ನಡೆದುಕೊಳ್ಳುತ್ತೇನೆ’ ಅಂತ ಬರೆಯಿರಿ.

ಸಾಲು ಇಲ್ಲ ಅಂದಮಾತ್ರಕ್ಕೆ ಓನರ್ ಪೂರ್ತಿ ಬರಿಗೈ ಅಂತಲೂ ಅಲ್ಲ. 1978ರ ಬಡ್ಡಿ ಕಾಯ್ದೆ ಅಂತ ಒಂದಿದೆ. ಲಿಖಿತ ಪತ್ರದ ಪ್ರಕಾರ ಇಂಥ ದಿನ ಕೊಡಬೇಕಾದ ಹಣ ಕೊಡದಿದ್ದರೆ, ಆ ದಿನದಿಂದ ಬಡ್ಡಿ ಕೊಡಿಸುವ ಅಧಿಕಾರ ಕೋರ್ಟಿಗೆ ಇದೆ. ದಿನಾಂಕ ಗೊತ್ತುಮಾಡಿರದಿದ್ದರೆ ಬಡ್ಡಿ ಕೇಳಿ ಲಿಖಿತ ನೋಟಿಸ್ ಕೊಟ್ಟಿರಬೇಕು. ಆ ಬಡ್ಡಿಗೂ ಒಂದು ಮಿತಿ ಇದೆ: ಬ್ಯಾಂಕುಗಳು ಠೇವಣಿಗೆ ಕೊಡುವ ದರವೇ ಅದಕ್ಕೆ ಅಳತೆ. ಅಂದರೆ 15,000 ರೂಪಾಯಿ ಬಾಡಿಗೆ ಹತ್ತು ದಿನ ತಡವಾದರೆ, ಶೇ. 7ರ ಲೆಕ್ಕದಲ್ಲಿ ಬಡ್ಡಿ 29 ರೂಪಾಯಿ. ಅದಕ್ಕಾಗಿ ಯಾರೂ ಕೋರ್ಟಿಗೆ ಹೋಗುವುದಿಲ್ಲ. ತಿಂಗಳುಗಟ್ಟಲೆ ಬಾಕಿ ಇದ್ದಾಗ ಮಾತ್ರ ಈ ಮಾತು ಬರುತ್ತದೆ.

ಈಗ ಸಾಲು ಇದೆ ಅಂತ ಇಟ್ಟುಕೊಳ್ಳಿ. ನನ್ನ ಅಂಗಡಿಗೆ ಬರುವ ಕರಾರುಗಳಲ್ಲಿ ಅದು ಹೆಚ್ಚುಕಮ್ಮಿ ಹೀಗಿರುತ್ತದೆ: ‘ಬಾಡಿಗೆದಾರರು ಪ್ರತಿ ತಿಂಗಳ 5ನೇ ತಾರೀಖಿನೊಳಗೆ ಬಾಡಿಗೆ ಪಾವತಿಸತಕ್ಕದ್ದು. ತಪ್ಪಿದಲ್ಲಿ ದಿನವೊಂದಕ್ಕೆ ರೂ. 200ರಂತೆ ದಂಡ ತೆರತಕ್ಕದ್ದು.’ ಈ ಸಾಲನ್ನು ಯಾರೂ ಯೋಚನೆ ಮಾಡಿ ಬರೆದಿರುವುದಿಲ್ಲ. ಯಾರದೋ ಹಳೇ ಕರಾರಿನಿಂದ ಕಾಪಿ ಆಗಿ ಬಂದಿರುತ್ತದೆ. ‘200 ಯಾಕೆ ಅಂಕಲ್?’ ಅಂತ ನಾನು ಕೇಳಿದರೆ, ‘ಇರ್ಲಿ ಬಿಡಮ್ಮ, ಭಯ ಇರ್ಲಿ’ ಅನ್ನುತ್ತಾರೆ.

‘ಭಯ ಇರಲಿ’ ಅನ್ನುವ ಆ ಉದ್ದೇಶವೇ ಕಾನೂನಿನ ಮುಂದೆ ನಿಲ್ಲುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ ಸೆಕ್ಷನ್ 74 ಇದನ್ನೇ ಹೇಳುತ್ತದೆ. ಕರಾರು ಮುರಿದರೆ ಇಷ್ಟು ಕೊಡಬೇಕು ಅಂತ ಮೊದಲೇ ಬರೆದಿದ್ದರೆ, ನಷ್ಟವಾದವನಿಗೆ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ. ಅದು ಬರೆದ ಮೊತ್ತವನ್ನು ಮೀರುವಂತಿಲ್ಲ. ಹೆದರಿಸಲು ಹಾಕಿದ ದೊಡ್ಡ ಅಂಕಿಯನ್ನು ಕೋರ್ಟ್ ಹಾಗೇ ಕೊಡಿಸುವುದಿಲ್ಲ, ಈ ತಡದಿಂದ ನಿಜಕ್ಕೂ ಎಷ್ಟು ತೊಂದರೆ ಆಗಿರಬಹುದು ಅಂತ ನೋಡುತ್ತದೆ.

ಆ ಸೆಕ್ಷನ್ನಿನ ಕೆಳಗೆ ಒಂದು ಉದಾಹರಣೆ ಕೊಟ್ಟಿದ್ದಾರೆ. ಒಬ್ಬ ಇನ್ನೊಬ್ಬನಿಂದ 1,000 ರೂಪಾಯಿ ಸಾಲ ಪಡೆದು, ಶೇ. 12ರ ಬಡ್ಡಿ ಸೇರಿಸಿ ಆರು ತಿಂಗಳಿಗೆ ತೀರಿಸುತ್ತೇನೆ, ತಪ್ಪಿದರೆ ಅಂದಿನಿಂದ ಶೇ. 75ರ ಬಡ್ಡಿ ಕೊಡುತ್ತೇನೆ ಅಂತ ಬರೆದುಕೊಡುತ್ತಾನೆ. ಇದು ದಂಡದ ಷರತ್ತು, ಕೋರ್ಟಿಗೆ ನ್ಯಾಯ ಅನ್ನಿಸಿದಷ್ಟು ಮಾತ್ರ ಸಿಗುತ್ತದೆ ಅಂತ ಕಾಯ್ದೆಯಲ್ಲೇ ಬರೆದಿದೆ. ವರ್ಷಕ್ಕೆ ಶೇ. 75 ಅತಿಯಾಯಿತು ಅಂತ ನೂರು ವರ್ಷಕ್ಕೂ ಹಿಂದೆಯೇ ಅನ್ನಿಸಿತ್ತು.

ನಮ್ಮ ಇನ್ನೂರು ರೂಪಾಯಿ ಎಷ್ಟಾಗುತ್ತದೆ, ಲೆಕ್ಕ ಹಾಕೋಣ. ಬಾಡಿಗೆ 15,000. ದಿನಕ್ಕೆ 200 ಅಂದರೆ ವರ್ಷಕ್ಕೆ 73,000. ಅಂದರೆ ವರ್ಷಕ್ಕೆ ಶೇ. 486ಕ್ಕಿಂತ ಜಾಸ್ತಿ. ಹತ್ತು ದಿನ ತಡವಾದರೆ 2,000 ರೂಪಾಯಿ ದಂಡ. ಅದೇ ವರ್ಷಕ್ಕೆ ಶೇ. 18 ಬಡ್ಡಿ ಅಂತ ಬರೆದಿದ್ದರೆ ದಿನಕ್ಕೆ 7 ರೂಪಾಯಿ 40 ಪೈಸೆ, ಹತ್ತು ದಿನಕ್ಕೆ 74 ರೂಪಾಯಿ. ಎರಡು ಸಾವಿರ ಎಲ್ಲಿ, ಎಪ್ಪತ್ನಾಲ್ಕು ಎಲ್ಲಿ! ನನ್ನ ಅಂಗಡಿಗೆ ಬಂದವರಿಗೆ ಈ ಲೆಕ್ಕವನ್ನು ಕ್ಯಾಲ್ಕುಲೇಟರ್‌ನಲ್ಲಿ ಒತ್ತಿ ತೋರಿಸುತ್ತೇನೆ. ಓನರ್‌ಗಳೂ ಆಶ್ಚರ್ಯಪಡುತ್ತಾರೆ. ದಿನಕ್ಕೆ 200 ಅಂದಾಗ ಅದು ಬಡ್ಡಿ ದರ ಅಂತ ಅವರಿಗೆ ಹೊಳೆದೇ ಇರುವುದಿಲ್ಲ. ನೀವೂ ನಿಮ್ಮ ಕರಾರಿನ ಅಂಕಿಯನ್ನು ಹೀಗೇ ಮಾಡಿ ನೋಡಿ: ದಿನದ ದಂಡವನ್ನು 365ರಿಂದ ಗುಣಿಸಿ, ತಿಂಗಳ ಬಾಡಿಗೆಯಿಂದ ಭಾಗಿಸಿ, 100ರಿಂದ ಗುಣಿಸಿ. ಬಂದ ಅಂಕಿಯೇ ವರ್ಷದ ಬಡ್ಡಿ ದರ. ಓನರ್ ಜೊತೆ ಮಾತಾಡುವಾಗ ಕಾನೂನಿನ ಸೆಕ್ಷನ್‌ಗಿಂತ ಈ ಅಂಕಿ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಸುಪ್ರೀಂ ಕೋರ್ಟ್ ಸೆಕ್ಷನ್ 74ರ ಬಗ್ಗೆ ಹಲವು ಸಲ ಹೇಳಿದೆ. 1963ರ ಫತೇಚಂದ್ ವಿರುದ್ಧ ಬಾಲಕಿಶನ್ ದಾಸ್ ಪ್ರಕರಣ ಇವತ್ತಿಗೂ ದಾರಿದೀಪ. ಅದು ಬಾಡಿಗೆ ಜಗಳ ಅಲ್ಲ, ಆಸ್ತಿ ಮಾರಾಟದ್ದು. ಕೊಳ್ಳುವವರು ತಪ್ಪಿದ್ದಕ್ಕೆ, ಕೊಟ್ಟಿದ್ದ 25,000 ರೂಪಾಯಿಯನ್ನೂ ಇಟ್ಟುಕೊಳ್ಳುತ್ತೇನೆ ಅಂತ ಮಾರುವವರು ಕೂತರು. ಮುಂಗಡವೆಂದು ಕೊಟ್ಟ 1,000 ರೂಪಾಯಿ ಇಟ್ಟುಕೊಳ್ಳಬಹುದು, ಉಳಿದ 24,000ವನ್ನು ಕರಾರಿನಲ್ಲಿ ಬರೆದಿದೆ ಅನ್ನುವ ಒಂದೇ ಕಾರಣಕ್ಕೆ ಇಟ್ಟುಕೊಳ್ಳುವಂತಿಲ್ಲ ಅಂತ ಕೋರ್ಟ್ ಹೇಳಿತು. 2015ರ ಕೈಲಾಶ್ ನಾಥ್ ಅಸೋಸಿಯೇಟ್ಸ್ ಪ್ರಕರಣದಲ್ಲಿ ಇನ್ನೂ ಬಿಡಿಸಿ ಹೇಳಿತು: ನಷ್ಟವೇ ಆಗದಿದ್ದರೆ ಪರಿಹಾರದ ಮಾತೇ ಇಲ್ಲ. ಬಾಡಿಗೆ ಕರಾರೂ ಒಂದು ಕರಾರೇ, ಅದಕ್ಕೂ ಇದೇ ಸೆಕ್ಷನ್.

ಹಾಗಾದರೆ ಓನರ್‌ಗೆ ನಷ್ಟವೇ ಆಗುವುದಿಲ್ಲವಾ? ಆಗುತ್ತದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ನನ್ನ ಬಳಿ ಕರಾರು ಬರೆಸುವ ರಿಟೈರ್ಡ್ ಮೇಡಂ ಒಬ್ಬರಿದ್ದಾರೆ. ಮೇಲ್ಮನೆ ಕಟ್ಟಲು ಸಾಲ ಮಾಡಿದ್ದಾರೆ. ಬಾಡಿಗೆ ಬಂದರೇ ಕಂತು ಕಟ್ಟುವುದು. ಬಾಡಿಗೆ ತಪ್ಪಿದ ತಿಂಗಳು ಕಂತು ಬೌನ್ಸ್ ಆಗಿ, ಬ್ಯಾಂಕು ಚಾರ್ಜ್ ಹಾಕಿತು, ಮೇಲೆ ದಂಡದ ಮೊತ್ತ ಬೇರೆ. ಇದು ನಿಜವಾದ ನಷ್ಟ, ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಕಾಣುತ್ತದೆ. ಇಂಥದ್ದು ಇದ್ದರೆ ಕರಾರು ಬರೆಸುವ ದಿನವೇ ಹೇಳಿ, ಅದರಲ್ಲಿ ಬರೆಸಿ. ಸೆಕ್ಷನ್ 73ರ ಪ್ರಕಾರ, ಕರಾರು ಮಾಡುವಾಗಲೇ ಇಬ್ಬರಿಗೂ ಗೊತ್ತಿದ್ದ ನಷ್ಟವನ್ನು ಕೇಳುವುದು ಸುಲಭ. ಗೊತ್ತೇ ಇಲ್ಲದ ದೂರದ ನಷ್ಟವನ್ನು ಆಮೇಲೆ ಬಾಡಿಗೆದಾರರ ತಲೆಗೆ ಕಟ್ಟಲು ಆಗುವುದಿಲ್ಲ.

ಇಂಗ್ಲೆಂಡಿನಲ್ಲಿ ಇದಕ್ಕೆಂದೇ 2019ರಲ್ಲಿ ಕಾಯ್ದೆ ಬಂತು. ಅಲ್ಲಿ ಬಾಡಿಗೆ 14 ದಿನ ತಡವಾಗುವವರೆಗೆ ಏನೂ ಕೇಳುವಂತಿಲ್ಲ. ಆಮೇಲೂ ಬ್ಯಾಂಕ್ ಆಫ್ ಇಂಗ್ಲೆಂಡಿನ ಮೂಲ ದರಕ್ಕಿಂತ ಶೇ. 3 ಮಾತ್ರ ಜಾಸ್ತಿ ಬಡ್ಡಿ. ನಮ್ಮಲ್ಲಿ ಬೆಂಗಳೂರಿನ ಸಾಮಾನ್ಯ ಬಾಡಿಗೆ ಮನೆಗೆ ಹೀಗೆ ಗೆರೆ ಎಳೆದು ಹೇಳುವ ಕಾಯ್ದೆ ಇಲ್ಲ. ಅದಕ್ಕೇ ಎಲ್ಲ ಭಾರವೂ ಕರಾರಿನ ಆ ಒಂದು ಸಾಲಿನ ಮೇಲೆ ಬೀಳುತ್ತದೆ. ನಮಗೂ ಇಂಥ ಗೆರೆ ಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

‘ರೆಂಟ್ ಆ್ಯಕ್ಟ್ ಇದೆಯಲ್ಲಾ?’ ಅಂತ ಕೇಳುತ್ತಾರೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಇದೆ, 2001ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ಆದರೆ ಬೆಂಗಳೂರಿನಂಥ ದೊಡ್ಡ ಊರುಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದ, ಬೇರೆ ಕಡೆ 2,000 ದಾಟಿದ ಮನೆಗಳಿಗೆ ಅದು ಅನ್ವಯಿಸುವುದಿಲ್ಲ. ಇವತ್ತು ಆ ಬಾಡಿಗೆಗೆ ಎಲ್ಲಿ ಮನೆ ಸಿಗುತ್ತದೆ? ಪೇಟೆ ಬೀದಿಗಳಲ್ಲಿ ತಲೆಮಾರಿನಿಂದ ಇರುವ ಹಳೇ ಬಾಡಿಗೆದಾರರು ಅದರೊಳಗೆ ಬರುತ್ತಾರೆ. ಬಾಕಿ ಕಟ್ಟಿ ಅಂತ ನೋಟಿಸ್ ಬಂದ ಮೇಲೆ ಪೂರ್ತಿ ಬಾಕಿ ತೀರಿಸಲು ಅವರಿಗೆ ಎರಡು ತಿಂಗಳ ಅವಕಾಶ ಇದೆ. ಉಳಿದವರಿಗೆಲ್ಲ 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು ನಿಮ್ಮ ಕರಾರು. 2021ರಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಹೆಸರನ್ನೂ ಕೆಲವರು ಎತ್ತುತ್ತಾರೆ. ಅದು ರಾಜ್ಯಗಳಿಗೆ ಕೊಟ್ಟ ಮಾದರಿ. ರಾಜ್ಯ ತನ್ನದೇ ಕಾಯ್ದೆ ಮಾಡುವ ತನಕ ಓನರ್ ಮುಂದೆ ಅದನ್ನು ಹಿಡಿದು ಪ್ರಯೋಜನವಿಲ್ಲ.

ಕರಾರಿನ ಬಲವನ್ನೂ ನೋಡಿ. ಹನ್ನೊಂದು ತಿಂಗಳ ಕರಾರು ಯಾಕೆ ಮಾಡುತ್ತಾರೆ ಅಂದರೆ, ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಗುತ್ತಿಗೆಯನ್ನು ಸಬ್ ರಿಜಿಸ್ಟ್ರಾರ್ ಬಳಿ ನೋಂದಣಿ ಮಾಡಿಸಲೇಬೇಕು. ಮೂರು ವರ್ಷಕ್ಕೆ ಅಂತ ಬರೆದು, ನೋಂದಣಿ ಮಾಡಿಸದೆ, ನೋಟರಿ ಸೀಲು ಹಾಕಿಸಿಟ್ಟ ಕರಾರುಗಳು ಬೇಕಾದಷ್ಟಿವೆ. ನೋಟರಿ ಸೀಲು ನೋಂದಣಿಗೆ ಸಮ ಅಲ್ಲ. ಅಂಥ ಪತ್ರದ ಷರತ್ತುಗಳನ್ನು, ದಂಡದ ಸಾಲನ್ನೂ ಸೇರಿಸಿ, ಕೋರ್ಟಿನಲ್ಲಿ ಸಾಕ್ಷಿಯಾಗಿ ಮುಂದಿಡುವುದು ಕಷ್ಟ. ಛಾಪಾ ಶುಲ್ಕ ಕಮ್ಮಿ ಕಟ್ಟಿದ್ದರೂ ತೊಂದರೆಯೇ. 1957ರ ಕರ್ನಾಟಕ ಸ್ಟಾಂಪು ಕಾಯ್ದೆ ಪ್ರಕಾರ, ಕೊರತೆ ಇರುವ ಶುಲ್ಕವನ್ನೂ ಅದರ ಹತ್ತರಷ್ಟು ದಂಡವನ್ನೂ ಕಟ್ಟಿದ ಮೇಲೇ ಆ ಪತ್ರವನ್ನು ಸಾಕ್ಷಿಯಾಗಿ ತೆಗೆದುಕೊಳ್ಳುವುದು. ಓನರ್‌ಗಳೇ, ದಂಡದ ಸಾಲು ದೊಡ್ಡದಾಗಿ ಬರೆಸುವ ಮುಂಚೆ ಸ್ಟಾಂಪು ಸರಿಯಾಗಿ ಕಟ್ಟಿ.

ಬಾಡಿಗೆ ತಡವಾಗುತ್ತದೆ ಅಂತ ಗೊತ್ತಾದಾಗ

ಸಂಬಳ ತಡವಾಯಿತು, ಆಸ್ಪತ್ರೆ ಖರ್ಚು ಬಂತು. ಯಾರಿಗಾದರೂ ಆಗುತ್ತದೆ. ತಾರೀಖು ದಾಟುವ ಮುಂಚೆಯೇ ಓನರ್‌ಗೆ ತಿಳಿಸಿ. ಫೋನ್ ಮಾಡಿ, ಆಮೇಲೆ ಅದನ್ನೇ ಮೆಸೇಜ್ ಆಗಿಯೂ ಹಾಕಿ. ಹೀಗೆ ಬರೆದರೆ ಸಾಕು:

‘ನಮಸ್ಕಾರ ಸರ್. ಈ ತಿಂಗಳು ಸಂಬಳ 12ನೇ ತಾರೀಖಿಗೆ ಬರುತ್ತದೆ. ಬಾಡಿಗೆ 15,000 ರೂಪಾಯಿ 13ರಂದು ನಿಮ್ಮ ಅಕೌಂಟಿಗೆ ಹಾಕುತ್ತೇನೆ. ಈ ಒಂದು ತಿಂಗಳು ಅಷ್ಟು ಸಮಯ ಕೊಡಬೇಕು ಅಂತ ಕೇಳಿಕೊಳ್ಳುತ್ತೇನೆ.’

ಅದಕ್ಕೆ ಓನರ್ ‘ಆಯ್ತಮ್ಮ’ ಅಂತ ಉತ್ತರ ಕೊಟ್ಟರೆ ಅದಕ್ಕೆ ಬೆಲೆ ಇದೆ. ಕರಾರು ಕಾಯ್ದೆಯ ಸೆಕ್ಷನ್ 63ರ ಪ್ರಕಾರ, ಹಣ ಬರಬೇಕಾದವರು ಕೊಡುವ ಗಡುವನ್ನು ಮುಂದೆ ಹಾಕಬಹುದು, ಪೂರ್ತಿ ಬಿಟ್ಟೂ ಬಿಡಬಹುದು. 13ರವರೆಗೆ ಸಮಯ ಕೊಟ್ಟ ಮೇಲೆ ಆ ದಿನಗಳಿಗೆ ದಂಡ ಕೇಳುವುದು ಸರಿಯಲ್ಲ. ಆ ಮೆಸೇಜನ್ನು ಅಳಿಸಬೇಡಿ. ಫೋನ್ ಬದಲಾಯಿಸುವಾಗ ಸ್ಕ್ರೀನ್‌ಶಾಟ್ ತೆಗೆದಿಡಿ.

ಅರ್ಧ ದುಡ್ಡು ಇದ್ದರೆ ಅರ್ಧವನ್ನಾದರೂ ಹಾಕಿ. ಬಾಕಿ ಎಷ್ಟೋ ಅಷ್ಟಕ್ಕೇ ಬಡ್ಡಿ ಲೆಕ್ಕ ಆಗಬೇಕು ಅಂತ ಆಮೇಲೆ ಕೇಳಬಹುದು.

ದುಡ್ಡು ಹಾಕುವಾಗ ಎಲ್ಲರೂ ಬಿಟ್ಟುಬಿಡುವ ಕೆಲಸ ಒಂದಿದೆ. ಯುಪಿಐ ಆ್ಯಪ್‌ನಲ್ಲಿ ಮೊತ್ತದ ಕೆಳಗೆ ಚಿಕ್ಕದಾಗಿ ಸಂದೇಶ ಬರೆಯುವ ಜಾಗ ಇರುತ್ತದಲ್ಲ, ಅಲ್ಲಿ ‘ಜೂನ್ ತಿಂಗಳ ಬಾಡಿಗೆ’ ಅಂತ ಬರೆಯಿರಿ. ಇದು ಯಾಕೆ ಅಷ್ಟು ಮುಖ್ಯ ಅಂತ ಹೇಳುತ್ತೇನೆ. ಕರಾರು ಕಾಯ್ದೆಯ ಸೆಕ್ಷನ್ 59 ಮತ್ತು 60ರಲ್ಲಿ ಒಂದು ನಿಯಮ ಇದೆ. ಒಬ್ಬರಿಗೆ ಬೇರೆ ಬೇರೆ ಬಾಕಿ ಕೊಡಬೇಕಿದ್ದಾಗ, ಈ ದುಡ್ಡು ಯಾವ ಬಾಕಿಗೆ ಅಂತ ಕೊಡುವವರು ಹೇಳಿದರೆ ಅದಕ್ಕೇ ಜಮಾ ಮಾಡಬೇಕು. ಹೇಳದೆ ಇದ್ದರೆ ಪಡೆಯುವವರು ತಮಗೆ ಬೇಕಾದ ಬಾಕಿಗೆ ಜಮಾ ಮಾಡಿಕೊಳ್ಳಬಹುದು. ನೀವು ಸುಮ್ನೆ 15,000 ಹಾಕಿದಿರಿ. ಓನರ್ ಅದರಲ್ಲಿ 2,000 ಹಿಂದಿನ ತಿಂಗಳ ದಂಡಕ್ಕೆ, 13,000 ಬಾಡಿಗೆಗೆ ಅಂತ ಬರೆದುಕೊಂಡರು. ಈಗ ಈ ತಿಂಗಳ ಬಾಡಿಗೆಯೇ 2,000 ಬಾಕಿ! ಅದಕ್ಕೆ ಮತ್ತೆ ದಿನಕ್ಕೆ 200. ಹೀಗೆ ದಂಡ ದಂಡವನ್ನು ಹೆರುತ್ತಾ ಹೋಗುತ್ತದೆ. ಹೀಗೆ ಸಿಕ್ಕಿಬಿದ್ದವರ ಲೆಕ್ಕದ ಹಾಳೆಗಳನ್ನು ನಾನೇ ನೋಡಿದ್ದೇನೆ. ಅಲ್ಲಿ ಮೂಲ ಬಾಡಿಗೆ ಒಂದು ತಿಂಗಳೂ ತಪ್ಪಿರಲಿಲ್ಲ. ‘ಜೂನ್ ತಿಂಗಳ ಬಾಡಿಗೆ’ ಅಂತ ಬರೆದಿದ್ದರೆ ಆ ದಾರಿ ಅಲ್ಲೇ ಮುಚ್ಚುತ್ತಿತ್ತು.

ನಗದು ಕೊಡುವವರು ರಸೀದಿ ಕೇಳಿ ತೆಗೆದುಕೊಳ್ಳಿ. ಐದು ಸಾವಿರ ದಾಟಿದ ನಗದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಹಚ್ಚಿ ಸಹಿ ಹಾಕಿಸಬೇಕು. ಯಾವ ತಿಂಗಳ ಬಾಡಿಗೆ, ಯಾವ ತಾರೀಖು ಕೊಟ್ಟದ್ದು, ಎರಡೂ ಅದರಲ್ಲಿರಲಿ.

ಓನರ್ ದಂಡ ಕೇಳಿದಾಗ

ದಂಡದ ಜಗಳಕ್ಕೆ ಬಾಡಿಗೆ ನಿಲ್ಲಿಸಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಸಿಟ್ಟಿನಲ್ಲಿ ‘ದಂಡ ಬಿಟ್ಟರೆ ಮಾತ್ರ ಬಾಡಿಗೆ’ ಅಂದವರು ಗೆಲ್ಲುವ ವ್ಯಾಜ್ಯವನ್ನು ತಾವೇ ಸೋಲುತ್ತಾರೆ. ದಂಡ ಎಷ್ಟು ಅನ್ನುವುದರಲ್ಲಿ ಕಾನೂನು ನಿಮ್ಮ ಕಡೆ ಇರಬಹುದು. ಬಾಡಿಗೆ ಕೊಡದೆ ಇರುವುದರಲ್ಲಿ ಅದು ಓನರ್ ಕಡೆ ಇದೆ. ಬಾಡಿಗೆ ಪೂರ್ತಿ ಹಾಕಿ, ದಂಡದ ಬಗ್ಗೆ ಬೇರೆಯಾಗಿ ಬರೆಯಿರಿ.

ಓನರ್ ಬಾಡಿಗೆಯನ್ನೇ ತೆಗೆದುಕೊಳ್ಳುವುದಿಲ್ಲ, ‘ದಂಡ ಸೇರಿಸಿ ತಂದ್ರೆ ಮಾತ್ರ ಮುಟ್ಟೋದು’ ಅಂದರೆ? ಅವರ ಅಕೌಂಟ್ ನಂಬರ್ ಇದ್ದರೆ ಹಾಕಿಬಿಡಿ. ಇಲ್ಲದಿದ್ದರೆ, ‘ಇಂಥ ತಿಂಗಳ ಬಾಡಿಗೆ ಇಷ್ಟು ರೂಪಾಯಿ ಕೊಡಲು ಬಂದೆ, ನೀವು ತೆಗೆದುಕೊಳ್ಳಲಿಲ್ಲ, ಹಣ ಸಿದ್ಧವಾಗಿದೆ, ಅಕೌಂಟ್ ವಿವರ ಕೊಡಿ’ ಅಂತ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹಾಕಿ, ರಸೀದಿ ಇಟ್ಟುಕೊಳ್ಳಿ. ಷರತ್ತಿಲ್ಲದೆ ಪೂರ್ತಿ ಕೊಡಲು ಹೋದಾಗ ಬೇಡ ಅಂದರೆ, ಕೊಡಲಿಲ್ಲ ಅನ್ನುವ ತಪ್ಪು ನಿಮ್ಮ ಮೇಲೆ ಬರುವುದಿಲ್ಲ. ಕರಾರು ಕಾಯ್ದೆಯ ಸೆಕ್ಷನ್ 38 ಹೇಳುವುದು ಇದನ್ನೇ. ಆ ದುಡ್ಡನ್ನು ಮಾತ್ರ ಬೇರೆ ಖರ್ಚಿಗೆ ಮುಟ್ಟಬೇಡಿ.

ದಂಡದ ಬಗ್ಗೆ ಬರೆಯುವಾಗ ಸಿಟ್ಟು ಬೇಡ. ಎಷ್ಟು ದಿನ ತಡವಾಯಿತು ಅಂತ ಒಪ್ಪಿಕೊಳ್ಳಿ. ವರ್ಷಕ್ಕೆ ಇಷ್ಟು ದರದಲ್ಲಿ ಬಡ್ಡಿ ಇಷ್ಟಾಗುತ್ತದೆ, ಅದನ್ನು ಕೊಡಲು ಸಿದ್ಧ ಅಂತ ಹೇಳಿ. ಅದಕ್ಕಿಂತ ಜಾಸ್ತಿ ನಷ್ಟ ಆಗಿದ್ದರೆ ಬ್ಯಾಂಕಿನ ಚಾರ್ಜಿನ ವಿವರ ಕೊಡಿ, ನೋಡಿ ತೀರಿಸುತ್ತೇನೆ ಅನ್ನಿ. ಎಷ್ಟೋ ಜಗಳ ಇಲ್ಲಿಗೇ ಮುಗಿಯುತ್ತದೆ. ಸುಮಾರು ಓನರ್‌ಗಳಿಗೆ ಬೇಕಾಗಿರುವುದು ಎರಡು ಸಾವಿರ ಅಲ್ಲ, ಮುಂದಿನ ತಿಂಗಳು ಸರಿಯಾದ ದಿನಕ್ಕೆ ಬರುತ್ತದೆ ಅನ್ನುವ ಭರವಸೆ.

ಇನ್ನೊಂದು ಬಗೆ ಇದೆ. ವರ್ಷವಿಡೀ ನೀವು 10ನೇ ತಾರೀಖಿಗೆ ಬಾಡಿಗೆ ಹಾಕಿದ್ದೀರಿ, ಓನರ್ ಒಂದು ಮಾತೂ ಆಡದೆ ತೆಗೆದುಕೊಂಡಿದ್ದಾರೆ. ಮನೆ ಖಾಲಿ ಮಾಡುವ ದಿನ, ಅಡ್ವಾನ್ಸ್ ವಾಪಸ್ ಕೊಡುವಾಗ, ಒಂದು ಹಾಳೆ ತೆಗೆಯುತ್ತಾರೆ. ಪೇಂಟಿಂಗ್ ಒಂದು ತಿಂಗಳ ಬಾಡಿಗೆ, ನೀರಿನ ಬಿಲ್ ಬಾಕಿ, ಕೊನೆಯಲ್ಲಿ ‘ಲೇಟ್ ಪೇಮೆಂಟ್’ ಅಂತ ಒಂದು ದೊಡ್ಡ ಮೊತ್ತ. ನನ್ನ ಬಳಿ ಬರುವ ದೂರುಗಳಲ್ಲಿ ಮನಸ್ಸು ಕಲಕುವುದು ಇದೇ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಕೊಟ್ಟವರಿದ್ದಾರೆ. ಆ ದುಡ್ಡನ್ನೇ ಮುಂದಿನ ಮನೆಗೆ ಕೊಡಬೇಕು, ಲಾರಿಯಲ್ಲಿ ಸಾಮಾನು ಏರಿಸಿ ಆಗಿದೆ, ಆ ಹೊತ್ತಿನಲ್ಲಿ ಯಾರು ವಾದ ಮಾಡುತ್ತಾರೆ? ಕೊಟ್ಟಷ್ಟು ತೆಗೆದುಕೊಂಡು ಹೋಗುತ್ತಾರೆ.

ಅದಕ್ಕೆ ಸಾಮಾನು ಏರಿಸುವ ದಿನಕ್ಕೆ ಇದನ್ನು ಬಿಡಬೇಡಿ. ಖಾಲಿ ಮಾಡುವ ನೋಟಿಸ್ ಕೊಡುವಾಗಲೇ ಕೇಳಿ: ‘ಅಡ್ವಾನ್ಸಿನಲ್ಲಿ ಏನೇನು ಹಿಡಿಯುತ್ತೀರಿ, ಲೆಕ್ಕ ಬರೆದುಕೊಡಿ.’ ದಂಡ ಅಂತ ಬಂದರೆ ಯಾವ ತಿಂಗಳು, ಎಷ್ಟು ದಿನ, ಯಾವ ದರ ಅಂತ ಬಿಡಿಸಿ ಕೇಳಿ. ಇಷ್ಟು ತಿಂಗಳು ತಕರಾರಿಲ್ಲದೆ ತೆಗೆದುಕೊಂಡದ್ದನ್ನು, ಬ್ಯಾಂಕ್ ಸ್ಟೇಟ್‌ಮೆಂಟ್ ಸಮೇತ, ಎತ್ತಿ ಹೇಳಿ. ತಕರಾರಿಲ್ಲದೆ ತೆಗೆದುಕೊಂಡರೆ ತಡವನ್ನು ಒಪ್ಪಿಕೊಂಡ ಹಾಗೆ ಅಂತ ವಾದ ಮಾಡಲು ಜಾಗ ಇದೆ. ಆದರೆ ಅದನ್ನೇ ಶಾಶ್ವತ ಹಕ್ಕು ಅಂತ ತಿಳಿಯಬೇಡಿ. ‘ಬರುವ ತಿಂಗಳಿನಿಂದ ಕರಾರಿನ ತಾರೀಖಿಗೇ ಬೇಕು’ ಅಂತ ಓನರ್ ಬರೆದು ತಿಳಿಸಿದರೆ, ಅಲ್ಲಿಂದ ಮುಂದೆ ಕರಾರೇ ಸರಿ.

ಒಪ್ಪದೆ ಕಮ್ಮಿ ದುಡ್ಡು ತೆಗೆದುಕೊಳ್ಳಬೇಕಾಗಿ ಬಂದರೆ, ‘ಪೂರ್ತಿ ಮುಟ್ಟಿದೆ, ಬೇರೆ ಬಾಕಿ ಇಲ್ಲ’ ಅನ್ನುವ ಕಾಗದಕ್ಕೆ ಸಹಿ ಹಾಕಬೇಡಿ. ‘ಇಷ್ಟು ಮುಟ್ಟಿದೆ, ಉಳಿದ ಇಷ್ಟಕ್ಕೆ ನನ್ನ ತಕರಾರಿದೆ’ ಅಂತ ಬರೆದು ಸಹಿ ಹಾಕಿ.

ದಂಡ ಕೊಟ್ಟಿಲ್ಲ ಅಂತ ಓನರ್ ಮನೆಗೆ ಬೀಗ ಹಾಕುವಂತಿಲ್ಲ, ಸಾಮಾನು ಹೊರಗೆ ಇಡುವಂತಿಲ್ಲ. ಖಾಲಿ ಮಾಡಿಸಬೇಕಾದರೆ ಕರಾರಿನ ಪ್ರಕಾರ ನೋಟಿಸ್ ಕೊಟ್ಟು, ಬಿಡದಿದ್ದರೆ ಕೋರ್ಟಿನಲ್ಲಿ ದಾವೆ ಹಾಕಬೇಕು. ತಿಂಗಳ ಬಾಡಿಗೆಯ ಮನೆಗೆ ಬೇರೆ ಕರಾರು ಇಲ್ಲದಿದ್ದರೆ ಆ ನೋಟಿಸ್ 15 ದಿನದ್ದು. ಬಾಡಿಗೆ ಬಾಕಿಯ ಕಾರಣಕ್ಕೆ ಕರಾರು ರದ್ದು ಮಾಡಿ ದಾವೆ ಹಾಕಿದ್ದರೂ ಬಾಡಿಗೆದಾರರಿಗೆ ಒಂದು ಅವಕಾಶ ಇದೆ. ಬಾಕಿ, ಅದರ ಬಡ್ಡಿ, ದಾವೆಯ ಖರ್ಚು, ಇಷ್ಟನ್ನೂ ವಿಚಾರಣೆಯ ವೇಳೆ ಕೊಟ್ಟರೆ, ಅಥವಾ 15 ದಿನದಲ್ಲಿ ಕೊಡುವುದಕ್ಕೆ ಭದ್ರತೆ ಕೊಟ್ಟರೆ, ಮನೆ ಉಳಿಸಿಕೊಡುವ ಅಧಿಕಾರ ಕೋರ್ಟಿಗೆ ಇದೆ. ಸ್ವತ್ತು ವರ್ಗಾವಣೆ ಕಾಯ್ದೆಯ ಸೆಕ್ಷನ್ 114 ಅದು. ಅಲ್ಲಿ ಕೇಳಿರುವುದು ಬಾಕಿಗೆ ಬಡ್ಡಿಯನ್ನು, ದಿನಕ್ಕೆ ಇನ್ನೂರನ್ನಲ್ಲ.

ಯಾರಾದರೂ ಬಲವಂತವಾಗಿ ಹೊರಗೆ ಹಾಕಿಬಿಟ್ಟರೆ ತಡ ಮಾಡಬೇಡಿ. 112ಕ್ಕೆ ಫೋನ್ ಮಾಡಿ, ಬೀಗದ ಫೋಟೋ ತೆಗೆಯಿರಿ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಸೆಕ್ಷನ್ 6ರಲ್ಲಿ ಮನೆಯ ಸ್ವಾಧೀನ ವಾಪಸ್ ಕೇಳಬಹುದು, ಆದರೆ ಆರು ತಿಂಗಳೊಳಗೆ ದಾವೆ ಹಾಕಬೇಕು.

ಓನರ್‌ಗಳಿಗೆ, ನಿಲ್ಲುವಂಥ ಸಾಲು

ನಾನು ಬರೆದುಕೊಡುವ ಸಾಲು ಇದು. ಬೇಕಾದರೆ ಹೀಗೇ ತೆಗೆದುಕೊಳ್ಳಿ:

‘ಬಾಡಿಗೆದಾರರು ಆಯಾ ತಿಂಗಳ ಬಾಡಿಗೆಯನ್ನು ಅದೇ ತಿಂಗಳ 5ನೇ ತಾರೀಖಿನೊಳಗೆ ಮಾಲೀಕರ ಬ್ಯಾಂಕ್ ಖಾತೆಗೆ ಪಾವತಿಸತಕ್ಕದ್ದು. 10ನೇ ತಾರೀಖಿನವರೆಗೆ ಯಾವ ಬಡ್ಡಿಯೂ ಇರುವುದಿಲ್ಲ. ಅದನ್ನು ಮೀರಿದಲ್ಲಿ, 11ನೇ ತಾರೀಖಿನಿಂದ ಪಾವತಿಯ ದಿನದವರೆಗೆ, ಬಾಕಿ ಉಳಿದ ಬಾಡಿಗೆಯ ಮೇಲೆ ಮಾತ್ರ ವಾರ್ಷಿಕ ಶೇ. 18ರ ದರದಲ್ಲಿ ಬಡ್ಡಿ ಕೊಡತಕ್ಕದ್ದು. ಬಡ್ಡಿಯ ಮೇಲೆ ಬಡ್ಡಿ ಇರುವುದಿಲ್ಲ. ಬಾಡಿಗೆ ತಡವಾದ ಕಾರಣದಿಂದ ಮಾಲೀಕರ ಗೃಹಸಾಲದ ಕಂತು ತಪ್ಪಿ ಬ್ಯಾಂಕು ಶುಲ್ಕ ವಿಧಿಸಿದಲ್ಲಿ, ದಾಖಲೆ ತೋರಿಸಿದ ಮೇಲೆ ಆ ಶುಲ್ಕವನ್ನು ಬಾಡಿಗೆದಾರರು ಭರಿಸತಕ್ಕದ್ದು.’

ಸಾಲ ಇಲ್ಲದವರು ಕೊನೆಯ ವಾಕ್ಯ ಬಿಡಬಹುದು. ಶೇ. 18 ಕಮ್ಮಿ ಅನ್ನಿಸುತ್ತದೆ, ಗೊತ್ತು. ಆದರೆ ಕೇಳಿದಾಗ ಬಾಡಿಗೆದಾರರು ಕೊಡುವಂಥ, ಕೋರ್ಟ್ ಒಪ್ಪುವಂಥ 74 ರೂಪಾಯಿ, ಯಾವತ್ತೂ ಕೈಗೆ ಬರದ 2,000ಕ್ಕಿಂತ ಮೇಲು. ಪದೇಪದೇ ತಡ ಮಾಡುವವರ ಸಮಸ್ಯೆಗೆ ದಂಡ ಮದ್ದಲ್ಲ. ಅದಕ್ಕೆ ನೋಟಿಸಿನ ಷರತ್ತು ಇದೆ. ಎರಡು ತಿಂಗಳ ಬಾಡಿಗೆ ಬಾಕಿ ಉಳಿದರೆ ಕರಾರು ಮುಗಿಸುವ ಹಕ್ಕು ಇದೆ ಅಂತ ಬರೆಸಿ, ಬೇಕಾದಾಗ ಅದನ್ನು ಬಳಸಿ. ಸಂಬಳ 7ಕ್ಕೆ ಬರುವವರಿಗೆ ಮನೆ ಕೊಡುತ್ತಿದ್ದರೆ ತಾರೀಖನ್ನೇ 8 ಅಂತ ಬರೆಸಬಹುದಲ್ವಾ? ಕರಾರು ಟೈಪ್ ಮಾಡುವಾಗ ನಾನು ಮೊದಲು ಕೇಳುವುದು ಬಾಡಿಗೆದಾರರ ಸಂಬಳದ ದಿನ. ಅಷ್ಟು ಕೇಳಿದ್ದಕ್ಕೆ ಎಷ್ಟೋ ಜಗಳ ಹುಟ್ಟುವುದೇ ಇಲ್ಲ.

ಪಿಜಿಯಲ್ಲಿ ಇರುವವರಿಗೂ ಸೆಕ್ಷನ್ 74ರ ಮಾತು ಇದೇ. ಅಪಾರ್ಟ್‌ಮೆಂಟ್ ಮೇಂಟೆನೆನ್ಸ್ ತಡವಾದಾಗ ಸಂಘ ಹಾಕುವ ಶುಲ್ಕ ಬೇರೆ ವಿಷಯ. ಅದನ್ನು ಓನರ್ ಕಟ್ಟಬೇಕಾ, ನೀವು ಕಟ್ಟಬೇಕಾ ಅನ್ನುವುದು ಕರಾರಿನಲ್ಲಿ ಇರಬೇಕು. ಭೋಗ್ಯಕ್ಕೆ ಮನೆ ಹಾಕಿಕೊಂಡವರಿಗೆ ತಿಂಗಳ ಬಾಡಿಗೆಯೇ ಇಲ್ಲ, ದಂಡದ ಪ್ರಶ್ನೆಯೂ ಇಲ್ಲ.

ಮಾತಿನಲ್ಲಿ ಮುಗಿಯದಿದ್ದರೆ ನೇರ ದೊಡ್ಡ ವಕೀಲರ ಬಳಿ ಹೋಗಬೇಕು ಅಂತಿಲ್ಲ. ಪ್ರತಿ ಜಿಲ್ಲೆಯ ಕೋರ್ಟ್ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ, ತಾಲ್ಲೂಕಿನಲ್ಲಿ ಸಮಿತಿ ಇದೆ. ಸಹಾಯವಾಣಿ 15100. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕಾರ್ಖಾನೆ ಕಾರ್ಮಿಕರಿಗೆ, ಆದಾಯ ಕಮ್ಮಿ ಇರುವವರಿಗೆ ವಕೀಲರನ್ನು ಅಲ್ಲಿ ಉಚಿತವಾಗಿ ಕೊಡುತ್ತಾರೆ. ದಾವೆ ಹಾಕುವ ಮುಂಚೆಯೇ ಇಬ್ಬರನ್ನೂ ಕರೆಸಿ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಸುವ ವ್ಯವಸ್ಥೆಯೂ ಇದೆ. ಹೋಗುವಾಗ ಕರಾರು, ಬ್ಯಾಂಕ್ ಸ್ಟೇಟ್‌ಮೆಂಟ್, ಮೆಸೇಜುಗಳ ಪ್ರಿಂಟ್, ಓನರ್ ಕೊಟ್ಟ ಲೆಕ್ಕದ ಹಾಳೆ, ಇಷ್ಟನ್ನೂ ತಾರೀಖಿನ ಪ್ರಕಾರ ಜೋಡಿಸಿ ಒಯ್ಯಿರಿ. ಬಾಕಿ ಬಾಡಿಗೆಗೆ ಓನರ್ ದಾವೆ ಹಾಕಲು ಬಾಕಿಯಾದ ದಿನದಿಂದ ಮೂರು ವರ್ಷ ಕಾಲಮಿತಿ. ಆದ್ದರಿಂದ ಮನೆ ಬಿಟ್ಟ ಮೇಲೂ ಅಷ್ಟು ಕಾಲ ಈ ಕಾಗದಗಳನ್ನು ಎಸೆಯಬೇಡಿ.